ಸಂತೆ ದಿನ ಏರದ ಹೊಳೆ

“ಕಾಣೆಯಾದ ಮನುಷ್ಯ ದಿನಕ್ಕೆ ಎರಡು ಸಲ ಮೆಸೇಜ್ ಕಳಿಸ್ತಾನೇನ್ರೀ?”

ಎಎಸ್‌ಐ ನಂಜುಂಡನ ಪ್ರಶ್ನೆ ಮೂಗಿನಿಂದ ಹೊರಟು, ಮೀಸೆಯಲ್ಲಿ ಒಂದು ಗಳಿಗೆ ಕೂತು ದಣಿವಾರಿಸಿಕೊಂಡು, ಆಮೇಲೆ ಹೊರಗೆ ಬಂತು. ಜಬ್ಬಾರ್ ಅದನ್ನು ಹಾಗೇ ಕಿವಿಯಲ್ಲಿ ಎತ್ತಿಟ್ಟುಕೊಂಡ. ಯಾರ ದನಿ ಸಿಕ್ಕರೂ ಎತ್ತಿಟ್ಟುಕೊಳ್ಳುವುದು ಅವನ ಹುಟ್ಟುಗುಣ. ವಿಮಾ ಕಂಪನಿಗೆಂದು ಇಪ್ಪತ್ತೆರಡು ವರ್ಷ ಮಗುಚಿದ ಕಾಫಿ ಲಾರಿಗಳ ತನಿಖೆ ಮಾಡಿದವನು. ಸತ್ತ ಎಂಜಿನ್ನಿನ ಗೊರಕೆಯನ್ನೂ ಅಣಕಿಸಿ ತೋರಿಸಬಲ್ಲ.

“ಮೆಸೇಜ್ ಬಂದಿರೋದು ಮುಬಾರಕನ ಫೋನಿಂದ. ಅವನ ಬೆರಳಿಂದ ಅಂತ ಯಾರು ಹೇಳಿದ್ದು?” ಎಂದ ಜಬ್ಬಾರ್.

“ಬೆಳಿಗ್ಗೆ ಎಂಟಕ್ಕೊಂದು, ಸಾಯಂಕಾಲ ಐದಕ್ಕೊಂದು. ಒಂದು ನಿಮಿಷ ಹಿಂದೆಮುಂದೆ ಇಲ್ಲ. ಹಾಸನದ ಆಫೀಸ್ನೋರ್ನ ಕೇಳ್ದೆ. ‘ನಮ್ಮೋನು ಡ್ಯೂಟಿ ಮೇಲವ್ನೆ, ನಿಮಗ್ಯಾಕೆ ತಲೆಬಿಸಿ’ ಅಂದ್ರು. ಡ್ಯೂಟಿ ಮೇಲಿರೋನ್ನ ಕಾಣೆಯಾದವರ ಪಟ್ಟೀಗೆ ಹೆಂಗ್ ಸೇರಿಸ್ಲಿ ಮಾರಾಯ? ಮನೇಲೇನೋ ಮಾತು ಬಂದೈತೆ, ಎಲ್ಲೋ ಹೋಗ್ಬುಟ್ಟವ್ನೆ. ಬರ್ತಾನೆ ಬುಡಿ.”

ಜಬ್ಬಾರ್‌ನ ಬಾಲ್ಯದ ಗೆಳೆಯ ಮುಬಾರಕ್ ಮನೆ ಬಿಟ್ಟು ಇವತ್ತಿಗೆ ಹದಿನೇಳು ದಿನ. ಅವನ ಕೆಲಸ ಹೊಳೆ ಅಳೆಯುವುದು. ಹಾನುಬಾಳು ಸುತ್ತಿನ ಗುಡ್ಡಗಳಿಂದಿಳಿದು ಹೇಮಾವತಿಯನ್ನು ಸೇರುವ ಹೊಂಗೆಹೊಳೆಯ ಸೇತುವೆ ಕಂಬಕ್ಕೆ ಸೆಂಟಿಮೀಟರ್ ಗೆರೆಗಳ ಒಂದು ಬಿಳೀ ಅಳತೆಪಟ್ಟಿ ಹೊಡೆದಿದ್ದಾರೆ. ದಿನಕ್ಕೆರಡು ಸಲ ಅದರ ಮುಂದೆ ನಿಂತು, ನೀರು ಎಷ್ಟನೇ ಗೆರೆ ಮುಟ್ಟಿದೆ ಎಂದು ನೋಡಿ ಆಫೀಸಿಗೆ ತಿಳಿಸಬೇಕು. ಹತ್ತೊಂಬತ್ತು ವರ್ಷದಿಂದ ತಿಳಿಸುತ್ತಿದ್ದ. ಈಗ ಅವನಿಲ್ಲ, ಅಂಕಿ ಮಾತ್ರ ಇದೆ.

“ಆ ಅಂಕಿ ಅವನದ್ದಲ್ಲ ಅಂತ ತೋರಿಸಿದ್ರೆ ಹುಡುಕ್ತೀರಾ?”

ನಂಜುಂಡ ಮೀಸೆ ತಿರುವಿದ. “ತೋರಿಸಿ. ಆ ಗಳಿಗೇಲೇ ನಾಯಿ ಕರ್ಕಂಡು ಹೊರಡ್ತೀನಿ.”

ಹೊರಗೆ ಜಬ್ಬಾರ್‌ನ ಜೀಪಿನಲ್ಲಿ ಅಫ್ಶಾನ್ ಕೂತಿದ್ದಳು. ಮುಬಾರಕನ ಒಬ್ಬಳೇ ಮಗಳು. ಸಕಲೇಶಪುರದ ತಾಲ್ಲೂಕು ಕಚೇರಿ ಎದುರು ಜೆರಾಕ್ಸ್ ಅಂಗಡಿ ನೋಡಿಕೊಳ್ಳುವವಳು. ತೊಡೆಯ ಮೇಲೆ ಅಪ್ಪನ ಉದ್ದನೆಯ ನೋಟ್‌ಬುಕ್ಕುಗಳು. ಅದರ ಮೇಲೆ, ಹಾಸನದ ಆಫೀಸಿನಿಂದ ಕಾಡಿಬೇಡಿ ತರಿಸಿದ, ಈ ಹದಿನೇಳು ದಿನಗಳ ಅಂಕಿ ಪಟ್ಟಿ.

“ಏನಂದ್ರು ಚಾಚಾ?”

ಜಬ್ಬಾರ್ ಮೂಗಿನಿಂದ ಮಾತು ಹೊರಡಿಸಿ, ಇಲ್ಲದ ಮೀಸೆಯಲ್ಲಿ ಅದನ್ನು ಕೂರಿಸಿ, “ನಾಯಿ ಕರ್ಕಂಡು ಹೊರಡ್ತೀನಿ” ಎಂದ.

ಅಫ್ಶಾನ್ ನಗಲು ನೋಡಿದಳು. ಆಗಲಿಲ್ಲ. “ಅಮ್ಮಿ ದಿನಾ ಸಂಜೆ ಒಂದೇ ಪ್ರಶ್ನೆ ಕೇಳ್ತಾರೆ ಚಾಚಾ. ‘ನೀರು ಎಷ್ಟಿದೆಯಂತೆ?’ ಹತ್ತೊಂಬತ್ತು ವರ್ಷ ಅಬ್ಬಾ ಮನೆಗೆ ಬಂದ ಕೂಡ್ಲೆ ಇವರು ಕೇಳ್ತಿದ್ದದ್ದು ಅದು. ಈಗ ನನ್ನ ಕೇಳ್ತಾರೆ. ಏನಂತ ಹೇಳ್ಲಿ?”

ಜಬ್ಬಾರ್ ಗೇರು ಬದಲಿಸಿದ.

* * *

ಸೇತುವೆ ಹತ್ತಿರ ಜೀಪು ನಿಂತಾಗ ಮೊದಲು ಕೇಳಿಸಿದ್ದು ಸದ್ದಿಲ್ಲದಿರುವುದು. ಫೆಬ್ರವರಿ ಕೊನೆ, ಕಾಫಿ ಗಿಡ ಹೂಬಿಡಲು ‘ಹೂಮಳೆ’ ಬೇಕಾದ ಕಾಲ. ಆಕಾಶ ಕೊಡದಿದ್ದರೆ ಎಸ್ಟೇಟಿನವರು ಹೊಳೆಗೆ ಪೈಪು ಇಳಿಸಿ, ಸ್ಪ್ರಿಂಕ್ಲರ್ ತಿರುಗಿಸಿ, ತಾವೇ ಮಳೆ ತರಿಸುತ್ತಾರೆ. ಉಳಿದ ದಿನ ಈ ಕಣಿವೆಯಲ್ಲಿ ಹತ್ತಾರು ಪಂಪುಗಳು ಒಟ್ಟಿಗೆ ಗುಂಯ್‌ಗುಡುತ್ತವೆ. ಇವತ್ತು ಬುಧವಾರ. ಸಂತೆ ದಿನ. ಪಂಪಿನವರೂ ಸಂತೆಗೆ, ಆಳುಗಳೂ ಸಂತೆಗೆ.

ಜಬ್ಬಾರ್ ಪ್ಯಾಂಟು ಮಡಚಿ ಹೊಳೆಗಿಳಿದ. ನೀರು ಹೆದರಿಕೊಂಡಂತೆ ಕಲ್ಲುಗಳ ಸಂದಿಯಲ್ಲಿ ನುಸುಳುತ್ತಿತ್ತು.

ಚಿಕ್ಕಂದಿನಲ್ಲಿ ಇದೇ ಸೇತುವೆಯ ಕೆಳಗೆ ಒಂದು ಮಡು ಇತ್ತು. ಮುಬಾರಕ್ ಸೇತುವೆಯ ಕಟ್ಟೆಯಿಂದ ತಲೆಕೆಳಗಾಗಿ ಧುಮುಕುತ್ತಿದ್ದ. ಜಬ್ಬಾರ್ ದಡದಲ್ಲಿ ನಿಂತು ಶಾಲೆಯ ಹೆಡ್ಮಾಸ್ತರರ ದನಿಯಲ್ಲಿ ಬೈಯುತ್ತಿದ್ದ. ನೀರೊಳಗಿಂದಲೂ ಮುಬಾರಕನ ನಗು ಗುಳ್ಳೆಗುಳ್ಳೆಯಾಗಿ ಮೇಲೆ ಬರುತ್ತಿತ್ತು. ಆ ಮಡು ಈಗ ಎಮ್ಮೆಯೊಂದು ಮಲಗಿದರೆ ಮುಗಿಯುವಷ್ಟು. ನೀರಿಲ್ಲದ ಹೊಳೆಯಷ್ಟು ನೀರಸವಾದದ್ದು ಇನ್ನೊಂದಿಲ್ಲ ಎಂದು ಜಬ್ಬಾರ್‌ಗೆ ಅನ್ನಿಸಿತು. ಹೇಳಿ ನಗಿಸಲು ಪಕ್ಕದಲ್ಲಿ ಆ ಮನುಷ್ಯನಿರಲಿಲ್ಲ.

ಅಳತೆಪಟ್ಟಿಯ ಮುಂದೆ ಬಗ್ಗಿ ಓದಿದ. “ನಲವತ್ತೊಂದು.”

ಅಫ್ಶಾನ್ ಪಟ್ಟಿ ನೋಡಿದಳು. “ಇವತ್ತು ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಹೋಗಿರೋದು ಅರವತ್ತಾರು.”

ಅರವತ್ತರ ಎದುರು ಪಟ್ಟಿಯ ಮೇಲೆ ಒಂದು ಕೆಂಪು ಗೆರೆ. ನೀರು ಅದಕ್ಕಿಂತ ಕೆಳಗಿಳಿದರೆ ಹೊಂಗೆಹೊಳೆಯ ಪಂಪುಗಳೆಲ್ಲ ಬಂದ್ ಆಗಬೇಕು, ಉಳಿದದ್ದು ಕೆಳಗಿನ ಊರುಗಳ ಕುಡಿಯುವ ನೀರಿಗೆ. ಹೊಳೆಯಲ್ಲಿ ನೀರು ಗೆರೆಗಿಂತ ಗೇಣಷ್ಟು ಕೆಳಗಿತ್ತು. ಕಾಗದದಲ್ಲಿ ಮಾತ್ರ ಹೊಳೆ ಚೆನ್ನಾಗಿಯೇ ಹೊಳೆಯುತ್ತಿತ್ತು.

“ಇಷ್ಟು ಸಾಲ್ದಾ ಚಾಚಾ? ಪಟ್ಟಿ ಸುಳ್ಳು ಅಂತ ಗೊತ್ತಾಯ್ತಲ್ಲ.”

“ಸುಳ್ಳು ಅಂತ ಗೊತ್ತಾಯ್ತು. ಯಾರ ಸುಳ್ಳು ಅಂತ ಗೊತ್ತಾಗ್ಲಿಲ್ಲ. ‘ಮುಬಾರಕ್ಕೇ ಎಲ್ಲೋ ನೆರಳಲ್ಲಿ ಕೂತು ಮನಸ್ಸಿಗೆ ಬಂದದ್ದು ಕಳಿಸ್ತವ್ನೆ’ ಅಂತಾನೆ ನಂಜುಂಡ. ಆಗ ನಿಮ್ಮಪ್ಪ ಕಾಣೆಯಾದವನೂ ಅಲ್ಲ, ಮರ್ಯಾದಸ್ಥನೂ ಅಲ್ಲ.”

ಅಫ್ಶಾನ್ ತುಟಿ ಕಚ್ಚಿದಳು. “ಅಬ್ಬಾ ಸುಳ್ಳು ಬರೆಯೋರಲ್ಲ.”

“ಅದನ್ನೇ ಹುಡುಕೋಣ. ಕೊಡು ಆ ನೋಟ್‌ಬುಕ್ಕು.”

ಹೋದ ವರ್ಷದ ಪುಸ್ತಕ. ಕನ್ನಡ ಅಂಕಿಗಳು, ಒಂದೊಂದೂ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಜಬ್ಬಾರ್ ಬೆರಳಿಟ್ಟು ಕೆಳಗಿಳಿಯುತ್ತಾ ಹೋದ. ಎಪ್ಪತ್ತೊಂಬತ್ತು, ಎಪ್ಪತ್ತೆಂಟು, ಎಪ್ಪತ್ತೇಳು... ಇದ್ದಕ್ಕಿದ್ದಂತೆ ಎಂಬತ್ತೊಂದು. ಮರುದಿನ ಮತ್ತೆ ಇಳಿತ. ಏಳು ದಿನ ಬಿಟ್ಟು ಮತ್ತೊಂದು ಏರು. ಮತ್ತೆ ಏಳು ದಿನ, ಮತ್ತೆ ಏರು. ಫೆಬ್ರವರಿ, ಮಾರ್ಚಿ ಎರಡೂ ತಿಂಗಳು ಹೀಗೇ.

“ಮಳೆ ಬಂದಿತ್ತಾ?” ಅಫ್ಶಾನ್ ಕೇಳಿದಳು.

“ಮಳೆಗೇನು ವಾರದ ಲೆಕ್ಕ ಗೊತ್ತಾ? ತಾರೀಕು ನೋಡು. ಎಲ್ಲ ಬುಧವಾರ ಸಂಜೆ. ಸಂತೆ ದಿನ ಪಂಪಿನೋರೆಲ್ಲ ಸಂತೆಗೆ ಹೋಗ್ತಾರೆ. ಪಂಪು ನಿಲ್ತವೆ. ಸಂಜೆ ಹೊತ್ತಿಗೆ ಹೊಳೆ ನಾಲ್ಕು ಗೆರೆ ಏರುತ್ತೆ. ಆಳುಗಳಿಗೆ ರಜೆ ಕೊಟ್ರೆ ಹೊಳೆಗೂ ರಜೆ.” ಜಬ್ಬಾರ್ ಪಟ್ಟಿ ತೆಗೆದುಕೊಂಡ. “ಈಗ ಇದು ನೋಡು. ಎರಡು ಬುಧವಾರ ಬಂದು ಹೋಗಿವೆ. ಏರಿಲ್ಲ. ಅದರ ಬದಲು...”

“ಭಾನುವಾರ,” ಅಫ್ಶಾನ್ ಉಸಿರೆಳೆದುಕೊಂಡಳು. “ಎರಡು ಭಾನುವಾರಾನೂ ಏರಿದೆ. ನಾಲ್ಕ್ನಾಲ್ಕು!”

“ಹತ್ತೊಂಬತ್ತು ವರ್ಷ ಈ ಕಂಬದ ಮುಂದೆ ನಿಂತವನು ಸುಳ್ಳು ಬರೆದ್ರೂ ಸುಳ್ಳನ್ನ ಬುಧವಾರವೇ ಏರಿಸ್ತಾನೆ, ಮಗಾ. ಕೈ ತಾನಾಗಿ ಬರೆಯುತ್ತೆ. ಇದನ್ನ ಬರೆದವನ ಹೊಳೆಗೆ ರಜೆ ಭಾನುವಾರ.”

ಸೇತುವೆಯ ತುದಿಯ ಗೂಡಂಗಡಿಯಿಂದ ಗಂಗಾಮಣಿ ಇಷ್ಟು ಹೊತ್ತು ಕತ್ತು ಚಾಚಿ ಕೇಳುತ್ತಿದ್ದಳು. ಹೆಗ್ಗದ್ದೆಯಿಂದ ಇಲ್ಲಿಗೆ ಮದುವೆಯಾಗಿ ಬಂದು ಮೂವತ್ತು ವರ್ಷದಿಂದ ಈ ಸೇತುವೆಯ ಸಮಾಚಾರಕ್ಕೆಲ್ಲ ಅವಳೇ ಯಜಮಾನಿ.

“ಭಾನುವಾರ ರಜೆ ಕೊಡೋದು ಈ ಕಣಿವೇಲೆಲ್ಲ ಒಂದೇ ಎಸ್ಟೇಟು ಕಣ್ ಸಾಬ್ರೇ. ಕಡವೆಗುಡ್ಡ. ಮಾಲೀಕರು ಹೊಸಬ್ರು, ಆಳುಗಳು ಅಸ್ಸಾಮಿನೋರು. ಅವರಿಗೆ ನಮ್ಮ ಸಂತೆ ಏನ್ ಗೊತ್ತು, ಪಾಪ. ಅಲ್ಲೇ ಮೇಲೆ ಹೊಳೆಗೇ ಅಡ್ಡ ಏರಿ ಹಾಕಿ ಕೆರೆ ಮಾಡವ್ರಂತೆ. ನೋಡಕ್ ಹೋದ್ರೆ ಗೇಟಲ್ಲೇ ಅಟ್ಟುಬುಡ್ತಾರೆ.”

“ಅಲ್ಲಿ ಬರೆಯೋ ಕೆಲಸ ಯಾರದ್ದು?”

“ರೈಟರು. ದೇವೀರಪ್ಪ ಅಂತ. ಎರಡು ವರ್ಷ ಆಯ್ತು ಬಂದು. ಎಲ್ಲಾ ಅವರದ್ದೇ ದರ್ಬಾರು.”

“ರೈಟರ್ ಬರೆದದ್ದೆಲ್ಲ ರೈಟ್ ಆಗಬೇಕು ಅಂತೇನಿಲ್ಲ,” ಎಂದು ಜಬ್ಬಾರ್ ಪ್ಯಾಂಟು ಇಳಿಸಿಕೊಂಡ. “ನೀನು ಇಲ್ಲೇ ಇರು ಮಗಾ. ಗಂಟೆಗೊಂದು ಸಲ ಅಳತೆ ನೋಡು. ನಿಮ್ಮಪ್ಪ ನೋಡ್ತಿದ್ದ ಹಾಗೆ.”

ಅಫ್ಶಾನ್ ಅವನ ತೋಳು ಹಿಡಿದಳು. ಬಹಳ ಹೊತ್ತಿನಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು.

“ಚಾಚಾ, ಒಂದೇ ಒಂದು ಸಲ ಅಬ್ಬಾನ ದನಿ ಮಾಡ್ತೀರಾ? ನೀವು ಥೇಟ್ ಹಾಗೇ ಮಾಡ್ತೀರಂತೆ. ನಾನು ಮರೆತುಬಿಡ್ತೀನೇನೋ ಅಂತ ಭಯ ಆಗುತ್ತೆ.”

ಎಂಟು ವರ್ಷದ ಹಿಂದೆ, ಮುಬಾರಕನ ತಮ್ಮ ನಯಾಜನ ಮದುವೆಯಲ್ಲಿ, ಜಬ್ಬಾರ್ ಮೈಕು ಹಿಡಿದು ಆ ದನಿ ಮಾಡಿದ್ದ. ಎರಡು ಸಲ ಗಂಟಲು ಸರಿಮಾಡಿಕೊಂಡು, “ನೀರು... ಆರು... ಎರಡು” ಎಂದು ಒಂದೊಂದೇ ಅಂಕಿಯನ್ನು ಬಿಡಿಸಿಟ್ಟಾಗ ಮುನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮುಬಾರಕ್ ತಟ್ಟೆ ಬಿಟ್ಟು ಎದ್ದುಹೋದ. ಮುಬಾರಕನಿಗೆ ಚಿಕ್ಕಂದಿನಿಂದ ಉಗ್ಗು. ಜಬ್ಬಾರ್‌ಗೆ ಆಮೇಲೆ ಹೊಳೆಯಿತು: ‘ಅರವತ್ತೆರಡು’ ಎನ್ನಲು ನಾಲಿಗೆ ತೊಡರುತ್ತದೆಂದೇ ಅವನು ಆರು, ಎರಡು ಎಂದು ಮುರಿದು ಹೇಳಲು ಕಲಿತದ್ದು. ಯಾರೂ ನಗದೆ ಕೇಳುತ್ತಿದ್ದದ್ದು ಹೊಳೆಯೊಂದೇ ಎಂದು ಆ ಕೆಲಸಕ್ಕೆ ಸೇರಿದ್ದು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ.

“ಆ ದನಿ ಈಗ ನನ್ನ ಹತ್ರ ಇಲ್ಲ ಮಗಾ,” ಎಂದ ಜಬ್ಬಾರ್. ಅದು ಸುಳ್ಳು. ಪ್ರತಿ ದಿನ ಬೆಳಿಗ್ಗೆ ಎಂಟಕ್ಕೆ, ಸಂಜೆ ಐದಕ್ಕೆ, ಕರೆಯದಿದ್ದರೂ ಅದು ಅವನ ಗಂಟಲಿಗೆ ಬಂದು ನಿಲ್ಲುತ್ತಿತ್ತು.

* * *

ಕಡವೆಗುಡ್ಡ ಎಸ್ಟೇಟಿನ ಗೇಟು ದಾಟಲು ಜಬ್ಬಾರ್‌ಗೆ ವಿಮಾ ಕಂಪನಿಯ ಹಳೇ ಗುರುತಿನ ಚೀಟಿ ಸಾಕಾಯಿತು. “ಸ್ಪ್ರಿಂಕ್ಲರ್ ಪೈಪು ಸರ್ವೆ,” ಎಂದು ಕಂಪನಿ ಮ್ಯಾನೇಜರನ ಗತ್ತಿನಲ್ಲಿ ಹೇಳಿದ. ಕಾವಲಿನವನು ಸಲಾಮು ಹೊಡೆದ.

ಆಫೀಸು ಗುಡ್ಡದ ನೆತ್ತಿಯಲ್ಲಿ. ದೇವೀರಪ್ಪ ಮೇಜಿನ ಹಿಂದೆ ಕೂತು, ಆಳುಗಳ ಹಾಜರಿ ಬರೆಯುವ ಚೆಕ್‌ರೋಲಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದರು. ಐವತ್ತೈದರ ಆಸುಪಾಸು, ಇಸ್ತ್ರಿ ಅಂಗಿ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ಮೂಲೆಯಲ್ಲಿ ಹಳೇ ಕಾಲದ ಕಪ್ಪು ಫೋನು, ಅಂಕಿ ಸುತ್ತಿಸುವಂಥದ್ದು. ಗೋಡೆಯ ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆಲ್ಲ ಹಸಿರು ಸುತ್ತು.

“ಕೂತ್ಕೊಳ್ಳಿ ಸಾರ್. ಪೈಪಿಗೆಲ್ಲ ವಿಮೆ ಯಾವಾಗ ಮಾಡಿಸಿದ್ವಿ ನಾವು?”

“ಮಾಡಿಸಿಲ್ಲ,” ಎಂದು ಜಬ್ಬಾರ್ ಕೂತ. “ನಾನು ಬಂದದ್ದು ಬೇರೆ ಪ್ರಶ್ನೆಗೆ. ರೈಟರ್ರೇ, ಹೊಳೆಗೆ ವಾರದ ರಜೆ ಯಾವತ್ತು?”

ಸ್ಕೇಲು ನಿಂತಿತು. “ಹೊಳೆಗೆಂಥ ರಜೆ?”

“ನಮ್ಮ ಹೊಳೆ ಬುಧವಾರ ಸುಧಾರಿಸ್ಕೊಳ್ಳೋದು. ಹದಿನೇಳು ದಿನದಿಂದ ಭಾನುವಾರ ಸುಧಾರಿಸ್ಕೊಳ್ತಿದೆ. ಕಡವೆಗುಡ್ಡದ ಕ್ಯಾಲೆಂಡರ್ ನೋಡ್ಕೊಂಡು ಹರೀತಿದೆ ಅಂತ ಕಾಣುತ್ತೆ.”

ದೇವೀರಪ್ಪ ಪೆನ್ನಿಗೆ ಮುಚ್ಚಳ ಹಾಕಿದರು. “ನೀವು ಜಬ್ಬಾರ್ ಸಾಬ್ರು.”

“ಹೆಸರು ಹೇಳಿದ ನೆನಪಿಲ್ಲ.”

“ಮೂವರ ದನೀಲಿ ಮಾತಾಡೋ ಇನ್ಯಾರಿದಾರೆ ಈ ತಾಲ್ಲೂಕಲ್ಲಿ? ಗೇಟಲ್ಲಿ ಒಂದು, ಇಲ್ಲಿ ಒಂದು.” ದೇವೀರಪ್ಪ ನಗಲಿಲ್ಲ. “ಮದುವೆ ಮನೇಲಿ ಮುಬಾರಕ್ ಸಾಬ್ರ ಮರ್ಯಾದೆ ಕಳೆದ ದಿನ ಒಂದು.”

ಜಬ್ಬಾರ್‌ಗೆ ಕಪಾಳಕ್ಕೆ ಬಿದ್ದ ಹಾಗಾಯಿತು. “ಅದು ನಿಮಗೆ ಹೇಳಿದ್ದು ಯಾರು?”

“ಊರಿಗೆ ಬಾಯಿಲ್ವಾ?”

“ಅದು ಎಂಟು ವರ್ಷದ ಹಿಂದಿನ ಮಾತು. ನೀವು ಬಂದು ಎರಡು ವರ್ಷ.”

“ಅವಮಾನ ಹಳೇದಾಗಲ್ಲ ಸಾಬ್ರೇ.”

“ಮುಬಾರಕ್ ಎಲ್ಲಿ?”

“ನನ್ನ ಕೇಳಿದ್ರೆ? ಆಫೀಸಿನೋರ್ನ ಕೇಳಿ. ದಿನಾ ರೀಡಿಂಗ್ ಕಳಿಸ್ತಿದಾರಂತಲ್ಲ.”

“ಹೊಳೇಲಿರೋದು ನಲವತ್ತೊಂದು. ಹೋಗಿರೋದು ಅರವತ್ತಾರು. ನಿಜವಾದ್ದು ಹೋಗಿದ್ರೆ ನಿಮ್ಮ ಪಂಪು ನಿಲ್ತಿತ್ತು. ಕಾಫಿ ಹೂವು ಉದುರ್ತಿತ್ತು. ಮುಬಾರಕ್ ನಿಜ ಬರೆಯೋನು. ಅವನು ಅಡ್ಡ ಬಂದ. ಆಮೇಲೆ ಕಾಣೆಯಾದ. ಒಂದರ ಪಕ್ಕ ಒಂದು ಇಟ್ಟು ನೀವೇ ಗೆರೆ ಎಳೀರಿ, ಸ್ಕೇಲು ನಿಮ್ಮ ಕೈಯಲ್ಲೇ ಇದೆ.”

ದೇವೀರಪ್ಪನವರ ಮುಖದಲ್ಲಿ ಜಬ್ಬಾರ್ ಹುಡುಕಿದ್ದು ಭಯ. ಇಪ್ಪತ್ತೆರಡು ವರ್ಷ ಲಾರಿ ಡ್ರೈವರುಗಳ ಮುಖದಲ್ಲಿ ಓದಿ ಅಭ್ಯಾಸವಾದದ್ದು. ಇಲ್ಲಿ ಸಿಕ್ಕಿದ್ದು ಬೇರೇನೋ. ಯಾರೋ ಬರುತ್ತಾರೆಂದು ಕಾದಿದ್ದವನ ಸುಸ್ತಿನಂಥದ್ದು.

ಜಬ್ಬಾರ್ ಕಿಟಕಿಯಾಚೆ ನೋಡಿದ. ಗಂಗಾಮಣಿ ಹೇಳಿದ್ದು ನಿಜ. ಕಣಿವೆಯ ಆಚೆ ಬದಿಗೆ, ಹೊಳೆಗೆ ಅಡ್ಡಲಾಗಿ ಕೆಂಪು ಮಣ್ಣಿನ ಏರಿ. ಹಿಂದೆ ಹೊಳೆಯ ಮೈಯೆಲ್ಲ ಕೂಡಿಹಾಕಿದ ಹಾಗೆ ನೀರು, ನೀರು, ನೀರು. ಏರಿಯ ನಡುವೆ ಕಬ್ಬಿಣದ ಗೇಟು, ಎತ್ತಿ ಇಳಿಸಲು ದೊಡ್ಡ ಚಕ್ರ.

ಆ ನೀರನ್ನು ನೋಡಿ ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಮುಬಾರಕನ ನೆನಪು. ಈ ಪಾಟಿ ನೀರು ಕಂಡಿದ್ದರೆ ಆ ಪುಣ್ಯಾತ್ಮ ಅಂಗಿ ಬಿಚ್ಚಿ ಧುಮುಕಿಯೇ ಬಿಡುತ್ತಿದ್ದ.

ಗೇಟಿನ ಕೆಳಗೆ, ಒಣಗಿದ ಹೊಳೆಯ ಪಾತ್ರದಲ್ಲಿ, ಬಳಕೆ ತಪ್ಪಿದ ಒಂದು ಹಳೇ ಪಂಪ್‌ಹೌಸು. ಅದರ ತಗಡಿನ ಮೇಲೆ ಯಾರದ್ದೋ ಚೌಕಳಿ ಲುಂಗಿ ಒಣಗುತ್ತಿತ್ತು.

ದೇವೀರಪ್ಪ ಎದ್ದು ಪರದೆ ಎಳೆದರು. “ಬಿಸಿಲು.”

“ಬಿಸಿಲು ಆ ಕಡೆಯಿಂದ ಬರ್ತಿಲ್ವಲ್ಲ.”

“ಹೊರಡಿ ಸಾಬ್ರೇ. ನಿಮ್ಮ ಸ್ನೇಹಿತರ ಮೇಲೆ ಅಷ್ಟು ಪ್ರೀತಿ ಇದ್ರೆ ಎಂಟು ವರ್ಷ ಎಲ್ಲಿದ್ರಿ?”

ಜಬ್ಬಾರ್ ಎದ್ದ. ಬಾಗಿಲ ಪಕ್ಕದ ಬೋರ್ಡಿನಲ್ಲಿ ಎಸ್ಟೇಟಿನ ಫೋನ್ ನಂಬರು ಇತ್ತು. ಅದನ್ನು ಮಾತ್ರ ಓದಿಕೊಂಡು ಹೊರಬಂದ.

* * *

ಅವನು ಸೇತುವೆಗೆ ಮರಳಿದಾಗ ನಾಲ್ಕು ಗಂಟೆ. ಅಫ್ಶಾನ್ ನೀರಿನಂಚಿನಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು. ಅಪ್ಪನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ಅಪ್ಪನ ಹಾಗೇ ಕನ್ನಡ ಅಂಕಿಯಲ್ಲಿ, ಗಂಟೆಗಂಟೆಗೂ ಬರೆದಿದ್ದಳು.

“ಒಂದು ಗಂಟೆಗೆ ನಲವತ್ತೊಂದು. ಎರಡಕ್ಕೆ ನಲವತ್ತೊಂದು. ಮೂರಕ್ಕೂ ಅದೇ. ಈಗಲೂ ಅದೇ. ಏರ್ತಾನೇ ಇಲ್ಲ ಚಾಚಾ. ಪಂಪು ಒಂದೂ ಓಡ್ತಿಲ್ಲ, ಸಂತೆ ದಿನ, ಆದ್ರೂ ಏರ್ತಿಲ್ಲ!”

ಜಬ್ಬಾರ್ ನಿಂತಲ್ಲೇ ನಿಂತ. ಎಲ್ಲಿಂದ ಏರಬೇಕು? ಮೇಲಿನ ನೀರೆಲ್ಲ ಕಡವೆಗುಡ್ಡದ ಏರಿಯ ಹಿಂದೆ ಸೆರೆಯಲ್ಲಿದೆ. ಈ ವರ್ಷ ಬುಧವಾರವೂ ಹೊಳೆ ಏರುವುದಿಲ್ಲ.

ಹಾಗಾದರೆ, ಬುಧವಾರ ಏರಿಲ್ಲ ಎಂದು ಬರೆದವನು ಅಷ್ಟರ ಮಟ್ಟಿಗೆ ನಿಜವನ್ನೇ ಬರೆದಿದ್ದ. ಇಲ್ಲಿ ನಿಂತು, ನೋಡಿ ಬರೆದಿದ್ದ. ಹಾಗೆ ನೋಡುವವನು ಭಾನುವಾರ ಮಾತ್ರ ಯಾಕೆ ಸುಳ್ಳು ಏರಿಸಿದ?

ಯೋಚನೆ ಅಲ್ಲಿಂದ ಮುಂದೆ ಹೋಗಲಿಲ್ಲ. ದೇವೀರಪ್ಪನ ಮಾತು ಎದೆಯಲ್ಲಿ ಮುಳ್ಳಾಡಿಸುತ್ತಿತ್ತು.

“ಮಗಾ, ಆ ಮನುಷ್ಯನಿಗೆ ಎಲ್ಲಾ ಗೊತ್ತು. ಬಾಯಿ ಬಿಡ್ತಿಲ್ಲ. ಒಂದು ದಾರಿ ಇದೆ, ಆದ್ರೆ ಕೆಟ್ಟ ದಾರಿ. ಅವನು ನಿಮ್ಮಪ್ಪನಿಗೆ ಏನಾದ್ರೂ ಮಾಡಿದ್ರೆ, ನಿಮ್ಮಪ್ಪನ ದನೀಲೇ ಫೋನ್ ಬಂದ್ರೆ, ಎದೆ ಒಡೆದು ಏನಾದ್ರೂ ಅಂದೇ ಅಂತಾನೆ. ಅವನದ್ದು ಹಳೇ ಫೋನು, ನಂಬರು ಕಾಣಲ್ಲ. ನೀನು ಸ್ವಲ್ಪ ಆ ಕಡೆ ಹೋಗು.”

“ಹೋಗಲ್ಲ,” ಎಂದಳು ಅಫ್ಶಾನ್. “ಸ್ಪೀಕರ್ ಹಾಕಿ.”

ಗಂಗಾಮಣಿ ತನ್ನ ಮೊಬೈಲು ಕೊಟ್ಟಳು. ಅಂಗಡಿ ಪಕ್ಕದ ಹಲಸಿನ ಮರದ ಬುಡದಲ್ಲಿ ಸಿಗ್ನಲ್ಲು ಸಿಗುತ್ತಿತ್ತು. ಜಬ್ಬಾರ್ ನಂಬರು ಒತ್ತಿ ಕಣ್ಣು ಮುಚ್ಚಿದ.

“ಹಲೋ, ಕಡವೆಗುಡ್ಡ.”

ಜಬ್ಬಾರ್ ಎರಡು ಸಲ ಗಂಟಲು ಸರಿಮಾಡಿಕೊಂಡ. ಎಂಟು ವರ್ಷ ಬೀಗ ಹಾಕಿಟ್ಟಿದ್ದ ದನಿ, ಒಂದಿಷ್ಟೂ ತುಕ್ಕು ಹಿಡಿಯದೆ, ಮೆಟ್ಟಿಲಿಳಿದು ಬಂತು.

“ನಾ... ನಾನು. ಮುಬಾರಕ್.”

ಅಫ್ಶಾನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣು ತುಂಬಿ ಬಂದದ್ದು ದುಃಖಕ್ಕೋ, ಬಾಯಾರಿದವಳಿಗೆ ನೀರು ಸಿಕ್ಕ ಸುಖಕ್ಕೋ, ಜಬ್ಬಾರ್‌ಗೆ ತಿಳಿಯಲಿಲ್ಲ.

ಆ ಕಡೆ ರಿಸೀವರ್ ಬೀಳುತ್ತದೆ, ಚೀರುತ್ತಾರೆ, ಉಸಿರು ಕಟ್ಟುತ್ತದೆ ಎಂದು ಅವನು ಕಾದ. ಅದಾವುದೂ ಆಗಲಿಲ್ಲ.

“ಏನ್ ಮುಬಾರಕ್ ಸಾಬ್ರೇ, ಇನ್ನೂ ನಾಲ್ಕೂ ಹತ್ತು,” ಎಂದರು ದೇವೀರಪ್ಪ, ದಿನಾ ಮಾತಾಡುವವರ ಸಲುಗೆಯಲ್ಲಿ. “ಐದಕ್ಕೆ ತಾನೆ ನೀವು ಗುಡ್ಡ ಹತ್ತಿ ಆಳುಗಳ ಫೋನಿಂದ ಮಾತಾಡೋದು? ಇವತ್ತೇನು ಬೇಗ?”

ಮುಬಾರಕ್ ಬದುಕಿದ್ದಾನೆ! ಅಫ್ಶಾನ್ ಅವನ ಅಂಗಿ ಹಿಡಿದುಕೊಂಡಳು.

“ನಿಮ್ಮ ಸ್ನೇಹಿತ ಬಂದಿದ್ದ,” ದೇವೀರಪ್ಪ ಮುಂದುವರಿಸಿದರು. “ನೀವು ಹೇಳಿದ ಹಾಗೇ ಆಯ್ತು. ಭಾನುವಾರದ್ದು ಹಿಡ್ಕೊಂಡೇ ಬಂದ. ‘ಜಬ್ಬಾರ್‌ಗೊಬ್ಬನಿಗೇ ಅದು ಕಾಣೋದು, ಕಂಡ್ರೆ ಬಂದೇ ಬರ್ತಾನೆ’ ಅಂದಿದ್ರಲ್ಲ. ನಾನೂ ನೀವು ಹೇಳ್ಕೊಟ್ಟ ಹಾಗೇ ಒರಟಾಗಿ ಮಾತಾಡಿ ಕಳಿಸ್ದೆ. ಪಾಪ, ಮುಖ ಇಷ್ಟಾಯ್ತು.”

ಭಾನುವಾರದ ಏರು ಮುಬಾರಕನದ್ದೇ. ಅದು ತಪ್ಪಲ್ಲ, ಕರೆ. ಎಂಟು ವರ್ಷ ಮಾತು ಬಿಟ್ಟವನು, ಮಾತಾಡಲು ಬಾರದವನು, ತನಗೆ ತಿಳಿದ ಒಂದೇ ಭಾಷೆಯಲ್ಲಿ, ಅಂಕಿಯಲ್ಲಿ, ಅವನನ್ನು ಕೂಗಿದ್ದ. ಯಾತಕ್ಕೆ? ಕಳ್ಳರ ಜೊತೆ ಕೂತು ಕೂಗಿದನೋ, ಕಳ್ಳರನ್ನು ಹಿಡಿಯಲು ಕೂತು ಕೂಗಿದನೋ?

“ಹೇಳಿ, ಸಂಜೆಗೆ ನಿಮ್ಮ ಫೋನಿಂದ ಏನಂತ ಕಳಿಸ್ಲಿ? ನೀರು ಎಷ್ಟಿದೆ?”

ಪ್ರತಿ ಸಂಜೆ ಒಬ್ಬ ಹೆಂಗಸು ಮನೆಯ ಬಾಗಿಲಲ್ಲಿ ಕೇಳುವ ಪ್ರಶ್ನೆ. ಜಬ್ಬಾರ್ ಅಫ್ಶಾನಳ ಕಡೆ ನೋಡಿದ. ಅವಳು ನೋಟ್‌ಬುಕ್ಕಿನ ಪುಟ ಅವನ ಮುಂದೆ ಹಿಡಿದಳು. ಮುಬಾರಕನ ದನಿಯಲ್ಲಿ ಸುಳ್ಳು ಹೇಳಲು ಅವನಿಂದಾಗಲಿಲ್ಲ. ಇನ್ನೊಮ್ಮೆ ಆ ಮರ್ಯಾದೆ ಕಳೆಯಲು ಅವನಿಗೆ ಮನಸ್ಸಿರಲಿಲ್ಲ.

“ನಾಲ್ಕು,” ಎಂದ. “ಒಂದು.”

ಆ ಕಡೆ ಪೆನ್ನಿನ ಸದ್ದು ನಿಂತಿತು. ದೇವೀರಪ್ಪ ದನಿ ತಗ್ಗಿಸಿದರು.

“ನಿಜವಾದ್ದು ಹೇಳ್ಬುಟ್ರಾ? ಇವತ್ತೇನಾ ಹಂಗಾದ್ರೆ?”

ಜಬ್ಬಾರ್‌ಗೆ ಅರ್ಥವಾಗಲಿಲ್ಲ.

“‘ನಾನು ನಿಜವಾದ ಅಂಕಿ ಹೇಳಿದ ದಿನ ನೀವು ಗೇಟು ಎತ್ತಿಬುಡಿ’ ಅಂದಿದ್ರಿ. ಸರಿ, ನಂಗೂ ಸಾಕಾಗೈತೆ. ಹೊಳೆ ನೀರು ಹೊಳೇಗೆ ಹೋಗ್ಲಿ. ಈಗ್ಲೇ ಏರಿಗೆ ನಡೀತೀನಿ, ಇಪ್ಪತ್ತು ನಿಮಿಷದ ದಾರಿ. ನೀವು ಗುಡ್ಡದ ಮೇಲೇ ಇರಿ, ಕೆಳಗೆ ಪಂಪ್‌ಹೌಸಿಗೆ ಇಳೀಬೇಡಿ. ಮೊದಲು ಮುಳುಗೋದೇ ಅದು ಅಂತ ನೀವೇ ಹೇಳಿದ್ರಲ್ಲ. ಇಡ್ತೀನಿ.”

“ಬೇಡ!” ಜಬ್ಬಾರ್ ತನ್ನದೇ ದನಿಯಲ್ಲಿ ಕಿರುಚಿದ. “ದೇವೀರಪ್ಪ, ನಾನು ಮುಬಾರಕ್ ಅಲ್ಲ, ನಾನು...”

ಫೋನು ಕಟ್ಟಾಗಿತ್ತು.

ಮತ್ತೆ ಒತ್ತಿದ. ಗುಡ್ಡದ ನೆತ್ತಿಯ ಖಾಲಿ ಆಫೀಸಿನಲ್ಲಿ ಕಪ್ಪು ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಎತ್ತುವವರಿಲ್ಲ.

“ಚಾಚಾ,” ಅಫ್ಶಾನಳ ದನಿ ಎಲ್ಲೋ ದೂರದಿಂದ ಬಂತು. “ಅಬ್ಬಾ ಗುಡ್ಡ ಹತ್ತೋದು ಐದಕ್ಕೆ. ಈಗ ಎಲ್ಲಿದಾರೆ?”

ತಗಡಿನ ಮೇಲೆ ಒಣಗುತ್ತಿದ್ದ ಚೌಕಳಿ ಲುಂಗಿ ಜಬ್ಬಾರ್‌ನ ಕಣ್ಣ ಮುಂದೆ ಬಂತು. ಮುಬಾರಕ್ ಎದುರಿಗೇ ಇದ್ದ. ಕೂಗಿದ್ದರೆ ಕೇಳಿಸುತ್ತಿತ್ತು.

“ಪಂಪ್‌ಹೌಸಲ್ಲಿ,” ಎಂದ.

ಜೀಪಿನ ಕಡೆ ಓಡಿದ. ಜೀಪು ಎಸ್ಟೇಟು ಮುಟ್ಟಲೂ ಇಪ್ಪತ್ತು ನಿಮಿಷ, ದೇವೀರಪ್ಪ ಏರಿ ಮುಟ್ಟಲೂ ಇಪ್ಪತ್ತು ನಿಮಿಷ. ಎಂಜಿನ್ನು ಎರಡು ಸಲ ಕೆಮ್ಮಿ, ಥೇಟ್ ಮುಬಾರಕನ ಹಾಗೇ ಗಂಟಲು ಸರಿಮಾಡಿಕೊಂಡು, ಮೂರನೇ ಸಲಕ್ಕೆ ಹತ್ತಿತು. ಅಫ್ಶಾನ್ ಹಾರಿ ಪಕ್ಕದಲ್ಲಿ ಕೂತು ಹಿಂದೆ ತಿರುಗಿ, ಸೇತುವೆಯ ಕಂಬವನ್ನೇ ನೋಡುತ್ತಿದ್ದಳು. ನಲವತ್ತೊಂದು.

ಈ ಹೊಳೆ ಒಂದು ಬೆರಳಾದರೂ ಏರಲಿ ಎಂದು ವರ್ಷಗಟ್ಟಲೆ ಆಸೆಪಟ್ಟ ಜಬ್ಬಾರ್, ಗುಡ್ಡದ ತಿರುವಿಗೆ ಜೀಪು ನುಗ್ಗಿಸುತ್ತಾ, ಏರದಿರಲಿ ಎಂದು ಬೇಡಿಕೊಂಡ.